ಹರಾಜಿಗೆ ಬಂದ ಚಿತ್ರದ ಬೆನ್ನು

ಕೋಲಾರದಲ್ಲಿ ಹರಾಜು ಅಂದರೆ ಎಪಿಎಂಸಿ ಯಾರ್ಡಿನ ಟೊಮೆಟೊ. ಶಿಡ್ಲಘಟ್ಟದ ಕಡೆ ಹೋದರೆ ರೇಷ್ಮೆ ಗೂಡು. ಚಿತ್ರಗಳನ್ನೂ ಹೀಗೇ ಕೂಗಿ ಮಾರುತ್ತಾರೆ ಅಂದರೆ ನಮ್ಮೂರಲ್ಲಿ ಇನ್ನೂ ಕೆಲವರು ನಗುತ್ತಾರೆ. ಈ ಸಲ ನಗುವವರೂ ಬಂದು ನೋಡಲಿ. ಊರ ಹೊರಗಿನ ಕಲಾವಿದರ ರೆಸಿಡೆನ್ಸಿಯೊಂದಕ್ಕೆ ದುಡ್ಡು ಕೂಡಿಸಲು ಸಮಕಾಲೀನ ಕಲಾಕೃತಿಗಳ ಹರಾಜು ನಡೆಯಲಿದೆ. ಬಂದ ಕೃತಿಗಳ ಸ್ಥಿತಿ ಹೇಗಿದೆ ಎಂದು ಪರೀಕ್ಷಿಸಿ ಬರೆದುಕೊಡುವುದು ನನ್ನ ಕೆಲಸ. ಹಾಗಾಗಿ ಎಲ್ಲರಿಗಿಂತ ಮೊದಲು ನೋಡುವ ಭಾಗ್ಯವೂ ನನ್ನದೇ.

ಕಲಾವಿದರಿಗೆ ಒಂದೆರಡು ತಿಂಗಳು ಇರಲು ಕೋಣೆ, ಕೆಲಸಕ್ಕೆ ಜಾಗ, ಊಟ, ಸಾಮಗ್ರಿಗೆ ಒಂದಿಷ್ಟು ಕಾಸು ಕೊಟ್ಟು, ‘ನಿಮ್ಮ ಕೆಲಸ ನೀವು ಮಾಡಿಕೊಳ್ಳಿ’ ಎಂದು ಬಿಟ್ಟುಬಿಡುವುದು ರೆಸಿಡೆನ್ಸಿ. ದೆಹಲಿಯ ಖೋಜ್ 1997ರಲ್ಲಿ ಶುರುವಾಯಿತು, ಬೆಂಗಳೂರಿನ 1ಶಾಂತಿರೋಡ್ 2003ರಲ್ಲಿ. ಇಂಥ ಜಾಗಗಳಿಗೆ ಟಿಕೆಟ್ ಮಾರಿ ಬದುಕುವ ದಾರಿ ಇಲ್ಲ. ಕರೆಂಟ್ ಬಿಲ್ ಮಾತ್ರ ತಿಂಗಳು ತಿಂಗಳು ಬರುತ್ತದೆ.

ಸಹಾಯಾರ್ಥ ಹರಾಜು ಅಂದಕೂಡಲೇ ಸಂಘಟಕರು ಕೈ ಚಾಚುವುದು ಕಲಾವಿದರ ಕಡೆಗೇ. ‘ಒಂದು ಪೇಂಟಿಂಗ್ ಕೊಡಿ ಸಾರ್, ಒಳ್ಳೇ ಕೆಲಸಕ್ಕೆ.’ ಹಾಲ್ ಬಾಡಿಗೆ ಕೊಡುತ್ತಾರೆ, ಶಾಮಿಯಾನದವರಿಗೆ ಕೊಡುತ್ತಾರೆ, ಅಡುಗೆಯವರಿಗೆ ಕೊಡುತ್ತಾರೆ. ಚಿತ್ರ ಬರೆದವರಿಗೆ ಮಾತ್ರ ಶಾಲು, ಹಾರ. ತೆರಿಗೆಯಲ್ಲೂ ಅವರಿಗೆ ಏನೂ ಸಿಗುವುದಿಲ್ಲ. ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ ಹಣ ಕೊಟ್ಟರೆ ಮಾತ್ರ, ವಸ್ತು ಕೊಟ್ಟರೆ ಇಲ್ಲ. ಹೀಗಿರುವಾಗ ಯಾರಾದರೂ ತಮ್ಮ ಅತ್ಯುತ್ತಮ ಕೆಲಸ ಕೊಡುತ್ತಾರಾ? ಸ್ಟುಡಿಯೋ ಮೂಲೆಯಲ್ಲಿ ಮಾರಾಟವಾಗದೆ ಉಳಿದದ್ದನ್ನು ಕೊಡುತ್ತಾರೆ. ಅದು ಕಾಲುಬೆಲೆಗೆ ಹೋಗುತ್ತದೆ. ಮುಂದೆ ಯಾರಾದರೂ ಅವರ ಹತ್ತಿರ ಚಿತ್ರ ಕೊಳ್ಳಲು ಬಂದಾಗ ‘ಅಲ್ಲಿ ಅಷ್ಟಕ್ಕೇ ಹೋಯ್ತಲ್ವಾ’ ಎಂದು ಅದೇ ಬೆಲೆ ಹಿಡಿದು ಚೌಕಾಸಿ ಮಾಡುತ್ತಾರೆ.

ಈ ಹರಾಜಿನಲ್ಲಿ ಮಾರಿದ ಬೆಲೆಯ ಅರ್ಧ ಕಲಾವಿದರಿಗೆ. ಕನಿಷ್ಠ ಬೆಲೆಯನ್ನೂ ಅವರೇ ಹೇಳುತ್ತಾರೆ, ಅದಕ್ಕಿಂತ ಕೆಳಗೆ ಬಿಡ್ ನಿಂತರೆ ಚಿತ್ರ ವಾಪಸ್. ಇದರ ಗುಣ ಬಂದ ಕೆಲಸದಲ್ಲೇ ಕಾಣುತ್ತಿದೆ. ಧೂಳು ಹೊಡೆದು ಕಳಿಸಿದ ಹಳೇ ಮಾಲು ಬಹಳ ಕಮ್ಮಿ.

ನಾನು ಮೊದಲು ನೋಡುವುದು ಬೆನ್ನು. ಸಹಾಯಕ್ಕಿದ್ದ ಹುಡುಗ ಕೇಳಿದ: ‘ಏನ್ ಸಾರ್, ಚಿತ್ರ ಮುಂದೈತೆ, ನೀವು ಹಿಂದೆ ನೋಡ್ತೀರ?’ ಮುಂದೆ ಇರುವುದು ಕಲಾವಿದರು ತೋರಿಸಬೇಕು ಅಂದುಕೊಂಡದ್ದು. ಕಾಗದವನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿದ್ದಾರಾ, ಪ್ಲೈವುಡ್‌ಗೆ ನೇರವಾಗಿ ತಾಗಿಸಿದ್ದಾರಾ, ಕ್ಯಾನ್ವಾಸ್ ಸಡಿಲವಾಗಿದೆಯಾ, ಇದೆಲ್ಲ ಹಿಂದೆಯೇ ಗೊತ್ತಾಗೋದು. ಸೆಲ್ಲೋಟೇಪಿನ ಗೋಂದು ವರ್ಷಗಳು ಕಳೆದಂತೆ ಕಾಗದದೊಳಗೆ ಇಳಿದು ಹಳದಿ ಕಲೆಯಾಗುತ್ತದೆ. ಅದನ್ನು ಪೂರ್ತಿ ತೆಗೆಯುವುದು ನನ್ನಂಥವರಿಗೂ ಕಷ್ಟ.

ಬಂದದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಒಂದು ಕಲ್ಲು. ರೆಸಿಡೆನ್ಸಿಯಲ್ಲಿದ್ದ ಶಿಲ್ಪಿಯೊಬ್ಬರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ ಅಲ್ಲಿನವರ ಜೊತೆ ಕೂತು ಕಡೆದದ್ದು. ಶಿವಾರಪಟ್ಟಣ ಅಂದರೆ ದೇವರ ವಿಗ್ರಹಗಳ ಊರು. ಆದರೆ ಇಲ್ಲಿ ದೇವರಿಲ್ಲ, ಬರೀ ಪೀಠ. ಕೃಷ್ಣಶಿಲೆಯ ಮೈ ತುಂಬ ಉಳಿಯ ಏಟು ಹಾಗೇ ಇದೆ, ಮೇಲೆ ಎರಡು ಪಾದ ಊರುವಷ್ಟು ಜಾಗ ಮಾತ್ರ ನುಣುಪು. ಬೆರಳಿಟ್ಟರೆ ಒರಟಿನಿಂದ ನುಣುಪಿಗೆ ಜಾರುತ್ತದೆ. ಅಂಚೂ ಸಿಗುವುದಿಲ್ಲ. ಕಲ್ಲು ಕಪ್ಪಾಗಿ ಕಾಣಲೆಂದು ಎಣ್ಣೆ ಸವರಿದ್ದರು. ‘ಧೂಳು ಅಂಟುತ್ತೆ, ಇನ್ನು ಸವರಬೇಡಿ’ ಎಂದು ವರದಿಯಲ್ಲಿ ಬರೆದೆ.

ಎರಡನೆಯದು ಕೆಜಿಎಫ್‌ನ ಸೈನೈಡ್ ದಿಬ್ಬದ ಫೋಟೋ. ಅದಿರು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳಿವು. 2001ರಲ್ಲಿ ಗಣಿ ಮುಚ್ಚಿದರೂ ಗುಡ್ಡಗಳು ಅಲ್ಲೇ ಇವೆ, ಗಾಳಿಗೆ ಪುಡಿ ಹಾರುತ್ತದೆ. ಸಿನಿಮಾದ ರಂಗು ಇದರಲ್ಲಿಲ್ಲ. ಮಳೆ ಕೊರೆದ ಗೀರುಗಳು, ಬುಡದಲ್ಲಿ ಒಗೆದು ಒಣಹಾಕಿದ ಸ್ಕೂಲ್ ಯೂನಿಫಾರಂ. ಅಂಚಿನಲ್ಲಿ ಪೆನ್ಸಿಲಿನಲ್ಲಿ 3/10 ಎಂದಿದೆ: ಹತ್ತೇ ಪ್ರತಿ, ಇದು ಮೂರನೆಯದು. ಸಂಖ್ಯೆ ಇಲ್ಲದ ಪ್ರಿಂಟಿಗೆ ಜಾಸ್ತಿ ದುಡ್ಡು ಸುರಿಯಬೇಡಿ.

ಕೆಂಪು ಮಣ್ಣು, ರಾಗಿ ಹಿಟ್ಟಿನ ಗಂಜಿ ಕಲಸಿ ಬಟ್ಟೆಗೆ ಬಳಿದ ಒಂದು ದೊಡ್ಡ ಚಿತ್ರವೂ ಇದೆ. ‘ಇದೂ ಕಲೇನಾ?’ ಅನ್ನುವವರು ಇದ್ದೇ ಇರುತ್ತಾರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದಲ್ಲೇ ಸಗಣಿಯಲ್ಲಿ ಕೃತಿ ಮಾಡಿದವರು, ಈಗ ಜಗತ್ತಿನ ದೊಡ್ಡ ಮ್ಯೂಸಿಯಂಗಳು ಅವರ ಕೆಲಸ ತೋರಿಸುತ್ತವೆ. ನನ್ನ ತಕರಾರು ಬೇರೆ. ಗಂಜಿ ಇದ್ದಲ್ಲಿ ಹುಳ ಬರುತ್ತದೆ, ಬಟ್ಟೆ ಸುತ್ತಿದರೆ ಮಣ್ಣು ಉದುರುತ್ತದೆ. ಚಿತ್ರ ನನಗೆ ಇಷ್ಟವೇ. ಆದರೆ ಒಣಗಿದ, ಗಾಳಿಯಾಡುವ ಗೋಡೆ ಇದ್ದವರು ಮಾತ್ರ ಕೈ ಎತ್ತಿ.

ಕೊಂಡವರಿಗೆ ಎರಡು ಮಾತು. ಹರಾಜಿನಲ್ಲಿ ಕೊಟ್ಟ ದುಡ್ಡು ದಾನ ಅಲ್ಲ, ಖರೀದಿ. ಅದರ ಬದಲಿಗೆ ನಿಮಗೆ ಚಿತ್ರ ಸಿಕ್ಕಿದೆ. ತೆರಿಗೆ ವಿನಾಯಿತಿಯ ರಸೀದಿಗೆ ಸಂಘಟಕರನ್ನು ಪೀಡಿಸಬೇಡಿ. ಚಿತ್ರ ನಿಮ್ಮದಾದರೂ ಕಾಪಿರೈಟ್ ಕಲಾವಿದರದ್ದೇ. ಅವರ ಒಪ್ಪಿಗೆ ಇಲ್ಲದೆ ಅದನ್ನು ನಿಮ್ಮ ಅಂಗಡಿ ಕ್ಯಾಲೆಂಡರಿಗೆ ಹಾಕುವ ಹಾಗಿಲ್ಲ.

ಬಿಲ್ಲನ್ನೂ ಕಲಾವಿದರ ಸಹಿ ಇರುವ ಪ್ರಮಾಣಪತ್ರವನ್ನೂ ಒಟ್ಟಿಗೆ ಇಟ್ಟುಕೊಳ್ಳಿ. 1957ರ ಕಾಪಿರೈಟ್ ಕಾಯ್ದೆಯ 53ಎ ಕಲಮಿನ ಪ್ರಕಾರ ಮೂಲ ಚಿತ್ರ, ರೇಖಾಚಿತ್ರ, ಶಿಲ್ಪ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೆ ಪಾಲು ಕೇಳುವ ಹಕ್ಕಿದೆ, ಗರಿಷ್ಠ ಶೇ. 10. ಈ ಪಟ್ಟಿಯಲ್ಲಿ ಫೋಟೋ ಇಲ್ಲ. ಪಾಲು ಕೇಳಿ ಪಡೆದವರನ್ನು ನಾನಂತೂ ಕಂಡಿಲ್ಲ. ನೀವು ಮುಂದೆ ಆ ಪೀಠವನ್ನು ಮಾರುವಾಗ ಶಿಲ್ಪಿಗೆ ಒಂದು ಫೋನ್ ಮಾಡಿದರೆ ಅವರೇ ಬೆಚ್ಚಿಬಿದ್ದಾರು.