ಶ್ರೀಗಂಧದ ಮರದಿಂದ ಕಲಿಯುವ ಬೇಡಿಕೆ, ಪೂರೈಕೆ ಮತ್ತು ಕೈಗಾರಿಕೀಕರಣ

ಪಿಯುಸಿ ಅರ್ಥಶಾಸ್ತ್ರ ಓದುವವರಿಗೆ ಬೇಡಿಕೆ ರೇಖೆ, ಪೂರೈಕೆ ರೇಖೆ ಬಿಡಿಸುವುದು ಕಷ್ಟವಲ್ಲ. ಆ ಗೆರೆಗಳ ಹಿಂದೆ ಏನು ನಡೆಯುತ್ತದೆ ಅನ್ನೋದನ್ನು ಹಿಡಿಯುವುದೇ ಕಷ್ಟ. ಅದಕ್ಕೆ ನಮ್ಮದೇ ನೆಲದ ಒಂದು ಸರಕನ್ನು ತೆಗೆದುಕೊಳ್ಳೋಣ: ಶ್ರೀಗಂಧ. ಇದೊಂದನ್ನೇ ಸರಿಯಾಗಿ ನೋಡಿದರೆ ಮೂರು ಪಾಠಗಳೂ ಅದರಲ್ಲೇ ಸಿಗುತ್ತವೆ.

ಮೊದಲು ಬೇಡಿಕೆ. ಮೈಸೂರು ಸಂಸ್ಥಾನದಲ್ಲಿ ಗಂಧದ ಮರ ಸರ್ಕಾರದ ಸ್ವತ್ತು. ಟಿಪ್ಪು ಸುಲ್ತಾನ 1792ರಲ್ಲಿ ಅದನ್ನು ರಾಜಮರ ಎಂದು ಸಾರಿದ್ದ, ಒಡೆಯರ ಕಾಲದಲ್ಲೂ ಅದೇ ಪದ್ಧತಿ ಮುಂದುವರಿಯಿತು. ಕಾಡಿನಿಂದ ತಂದ ಮರವನ್ನು ಗಂಧದ ಕೋಠಿಗಳಲ್ಲಿ ಹೊಂದಿಸಿಟ್ಟು ಹರಾಜು ಹಾಕುತ್ತಿದ್ದರು. ಅದರಲ್ಲಿ ದೊಡ್ಡ ಪಾಲು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು, ಆ ಕೊಳ್ಳುಗರು ಬರುವುದು ನಿಂತಿತು.

ಇಲ್ಲೊಂದು ವಿಷಯ ಗಮನಿಸಿ, ಪರೀಕ್ಷೆಯಲ್ಲಿ ತುಂಬಾ ಜನ ತಪ್ಪುವುದು ಇಲ್ಲೇ. ಬೆಲೆ ಏರಿತು ಅಂತ ಜನ ಕಡಿಮೆ ಕೊಂಡರೆ ಅದು ಅದೇ ಬೇಡಿಕೆ ರೇಖೆಯ ಮೇಲಿನ ಚಲನೆ. ಗಂಧದ ವಿಷಯದಲ್ಲಿ ಆಗಿದ್ದು ಅದಲ್ಲ. ಬೆಲೆ ಎಷ್ಟೇ ಇರಲಿ, ಕೊಳ್ಳುವವರೇ ಇಲ್ಲ. ಅಂದರೆ ಇಡೀ ರೇಖೆಯೇ ಎಡಕ್ಕೆ ಸರಿಯಿತು. ಬೆಲೆಯನ್ನು ಬಿಟ್ಟು ಬೇರೆ ಯಾವುದೇ ಕಾರಣಕ್ಕೆ ಬೇಡಿಕೆ ಬದಲಾದರೆ ರೇಖೆ ಸರಿಯುತ್ತದೆ. ಯುದ್ಧ, ಆದಾಯ, ಅಭಿರುಚಿ, ಬದಲಿ ಸರಕಿನ ಬೆಲೆ, ಎಲ್ಲವೂ ಈ ಗುಂಪಿಗೆ ಸೇರುತ್ತವೆ.

ಹೀಗಾದಾಗ ಮಾರುವವನ ಮುಂದೆ ಸಾಮಾನ್ಯವಾಗಿ ಎರಡು ದಾರಿ: ಸಿಕ್ಕಿದ ಬೆಲೆಗೆ ಮಾರುವುದು, ಇಲ್ಲವೇ ಸರಕನ್ನು ಹಿಡಿದಿಡುವುದು. ಮೈಸೂರು ಮೂರನೆಯ ದಾರಿ ಹಿಡಿಯಿತು. ಎಣ್ಣೆಯನ್ನು ತಾನೇ ತೆಗೆಯಲು ನಿರ್ಧರಿಸಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಇಲ್ಲೇ ಎಣ್ಣೆ ಇಳಿಯಿತು.

ಆ ಕೆಲಸ ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಗಂಧದ ಮರದ ಹೊರಭಾಗದಲ್ಲಿ ಪರಿಮಳ ಇರುವುದಿಲ್ಲ, ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದಕ್ಕೇ ಮರವನ್ನು ಕಡಿಯುವುದಿಲ್ಲ, ಬೇರು ಸಮೇತ ಕೀಳುತ್ತಾರೆ. ಚೇಗನ್ನು ಪುಡಿ ಮಾಡಿ ಅದರೊಳಗೆ ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ಎಣ್ಣೆಯೂ ಮೇಲೇಳುತ್ತದೆ. ತಣ್ಣಗಾದಾಗ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಅದನ್ನು ಬೇರೆ ಮಾಡುತ್ತಾರೆ. ಉಳಿದ ಪುಡಿ ಕೂಡ ದಂಡವಾಗುವುದಿಲ್ಲ, ಊದುಬತ್ತಿಗೆ ಹೋಗುತ್ತದೆ.

ಇದನ್ನೇ ಪಠ್ಯದಲ್ಲಿ ಮೌಲ್ಯವರ್ಧನೆ ಅಂತಾರೆ. ಮರ ಮಾರಿದರೆ ಮರದ ಬೆಲೆ ಮಾತ್ರ ಸಿಗುತ್ತದೆ. ಎಣ್ಣೆ ಮಾರಿದರೆ ಕೂಲಿ, ಲಾಭ, ಕೆಲಸ ಕಲಿತ ಕೈಗಳು, ಎಲ್ಲವೂ ಊರಲ್ಲೇ ಉಳಿಯುತ್ತವೆ. ಮುಂದಿನ ಹೆಜ್ಜೆ ಸಾಬೂನು. ಸೋಸಲೆ ಗರಳಪುರಿ ಶಾಸ್ತ್ರಿಯವರನ್ನು ಸಾಬೂನು ತಯಾರಿಕೆ ಕಲಿಯಲು ಇಂಗ್ಲೆಂಡಿಗೆ ಕಳುಹಿಸಿದರು. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯಿಂದ 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹೊರಬಂತು.

ಕೈಗಾರಿಕೀಕರಣ ಅಂದರೆ ಯಂತ್ರ ತಂದು ನಿಲ್ಲಿಸುವುದು ಮಾತ್ರ ಅಲ್ಲ ಅಂತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಚ್ಚಾ ಮಾಲು ಕೈಯಲ್ಲಿತ್ತು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ಹುಟ್ಟುತ್ತಿತ್ತು. ವಿಜ್ಞಾನ ಸಂಸ್ಥೆ ಊರಲ್ಲೇ ಇತ್ತು. ಬಂಡವಾಳ ಹಾಕಲು ಸರ್ಕಾರ ಸಿದ್ಧವಿತ್ತು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಯುದ್ಧ ಮುಗಿದ ಮೇಲೆ ಮರ ಮತ್ತೆ ಹಡಗು ಹತ್ತುತ್ತಿತ್ತು ಅಂತ ನನಗನ್ನಿಸುತ್ತದೆ.

ಇದು ಯಾವ ಅರ್ಥವ್ಯವಸ್ಥೆ? ಮರ ಸರ್ಕಾರದ್ದು, ಕಾರ್ಖಾನೆ ಸರ್ಕಾರದ್ದು, ಆದರೆ ಸೋಪು ಮಾರಾಟವಾಗುವುದು ಪೈಪೋಟಿಯ ಮಾರುಕಟ್ಟೆಯಲ್ಲಿ. ಪೂರ್ತಿ ಯೋಜಿತವೂ ಅಲ್ಲ, ಪೂರ್ತಿ ಮಾರುಕಟ್ಟೆ ವ್ಯವಸ್ಥೆಯೂ ಅಲ್ಲ. ಸ್ವಾತಂತ್ರ್ಯದ ನಂತರ ನಾವು ಮಿಶ್ರ ಅರ್ಥವ್ಯವಸ್ಥೆ ಅಂತ ಓದುವುದರ ಲಕ್ಷಣ ಇಲ್ಲಿ ಆಗಲೇ ಇತ್ತು.

ಈಗ ಪೂರೈಕೆ. ನನ್ನ ಪ್ರಕಾರ ಈ ಕಥೆಯಲ್ಲಿ ಕಲಿಯಬೇಕಾದ್ದು ಜಾಸ್ತಿ ಇರುವುದೇ ಇಲ್ಲಿ. ಬೆಲೆ ಏರಿದರೆ ಪೂರೈಕೆ ಏರುತ್ತದೆ ಅನ್ನೋದು ನಿಯಮ. ಗಂಧದ ಬೆಲೆ ಏರುತ್ತಲೇ ಹೋಯಿತು, ಮರಗಳು ಮಾತ್ರ ಕಡಿಮೆಯಾಗುತ್ತಾ ಬಂದವು. ನಿಯಮವೇ ಸುಳ್ಳಾಯಿತಾ? ಇಲ್ಲ. ಒಂದನೆಯದು, ಚೇಗು ಬಲಿಯಲು ಹದಿನೈದು ವರ್ಷವಾದರೂ ಬೇಕು. ಇವತ್ತು ಬೆಲೆ ಏರಿದರೆ ನಾಳೆ ಮರ ಹುಟ್ಟುವುದಿಲ್ಲ. ಅಲ್ಪಾವಧಿಯಲ್ಲಿ ಪೂರೈಕೆ ರೇಖೆ ಹೆಚ್ಚುಕಡಿಮೆ ನೇರವಾಗಿ ನಿಂತುಬಿಡುತ್ತದೆ. ಸ್ಪೈಕ್ ರೋಗವೂ ಸಾಕಷ್ಟು ಮರಗಳನ್ನು ತಿಂದಿತು.

ಎರಡನೆಯದು ಒಡೆತನ. 2001ಕ್ಕೆ ಮುಂಚೆ ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ ಆಗಿತ್ತು. ಕಾಯುವ ಹೊಣೆ ರೈತನದಾಗಿತ್ತು, ಕಳುವಾದರೆ ವಿಚಾರಣೆಯೂ ಅವನ ಮೇಲೇ ನಡೆಯುತ್ತಿತ್ತು. ಅಂಥ ಗಿಡವನ್ನು ಯಾರು ಬೆಳೆಸುತ್ತಾರೆ ಹೇಳಿ? ಮಾರುಕಟ್ಟೆಯ ಏರಿದ ಬೆಲೆ ರೈತನಿಗೆ ತಲುಪಲೇ ಇಲ್ಲ, ಆದರೆ ಕಳ್ಳಸಾಗಣೆದಾರನಿಗೆ ತಲುಪಿತು. ವೀರಪ್ಪನ್ ಕಾಲದ ಗಂಧದ ಕಥೆಗಳ ಹಿಂದೆ ಇರುವ ಅರ್ಥಶಾಸ್ತ್ರ ಇದು. ಕಾಯ್ದೆ ಬಿಗಿ ಮಾಡಿದಷ್ಟೂ ಸರಕು ವಿರಳವಾಯಿತು, ವಿರಳವಾದಷ್ಟೂ ಕದಿಯುವ ಆಸೆ ಹೆಚ್ಚಿತು.

ಕರ್ನಾಟಕ 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಜಮೀನಿನ ಮಾಲೀಕನೇ ಗಂಧದ ಮರದ ಮಾಲೀಕ ಅಂತ ಒಪ್ಪಿಕೊಂಡಿತು. ಆದರೆ ಆ ತಿದ್ದುಪಡಿಯಲ್ಲಿ ಮಾಲೀಕ ಮರವನ್ನು ಮಾರಬಹುದಾಗಿದ್ದದ್ದು ಅರಣ್ಯ ಇಲಾಖೆಗೆ ಮತ್ತು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಹಿಂದೆ ಮಾರುವವನು ಒಬ್ಬನೇ ಇದ್ದ, ಅದು ಏಕಸ್ವಾಮ್ಯ. ಆ ತಿದ್ದುಪಡಿಯ ನಂತರ ಬೆಳೆಯುವವರು ಹಲವರಾದರು, ಕೊಳ್ಳುವವರು ಮಾತ್ರ ಬೆರಳೆಣಿಕೆಯಷ್ಟಿದ್ದರು. ಎರಡರಲ್ಲೂ ಬೆಲೆ ಪೈಪೋಟಿಯಿಂದ ನಿರ್ಧಾರವಾಗುವುದಿಲ್ಲ. ಈ ವ್ಯತ್ಯಾಸವನ್ನು ಉತ್ತರದಲ್ಲಿ ಬರೆದರೆ ನಿಮಗೆ ವಿಷಯ ಅರ್ಥವಾಗಿದೆ ಅಂತ ಗೊತ್ತಾಗುತ್ತದೆ.

ಕೊನೆಗೆ ಬದಲಿ ಸರಕು. ಇಲ್ಲಿ ಪೂರೈಕೆ ಕುಸಿದಾಗ ಸುಗಂಧ ಕಂಪನಿಗಳು ಸುಮ್ನೆ ಕೂರಲಿಲ್ಲ. ಕೃತಕ ಗಂಧದ ಪರಿಮಳ ಬಂತು. ಪಶ್ಚಿಮ ಆಸ್ಟ್ರೇಲಿಯಾದ ಕುನುನುರಾ ಸುತ್ತ ನಮ್ಮದೇ ಜಾತಿಯ ಶ್ರೀಗಂಧವನ್ನು ತೋಟಗಳಲ್ಲಿ ಬೆಳೆಸಿದರು. ಇಲ್ಲಿ ಇವತ್ತು ಸಸಿ ನೆಡುವ ರೈತ ಹದಿನೈದು ವರ್ಷದ ನಂತರದ ಬೆಲೆಯನ್ನು ಲೆಕ್ಕ ಹಾಕುವಾಗ ಆ ತೋಟಗಳನ್ನೂ ಸೇರಿಸಿಕೊಳ್ಳಬೇಕು.