ಬೆಳಿಗ್ಗೆ ಖಾಲಿಯಾಗುವ ಊರಿಗೆ ಒಂದು ಆರ್ಥಿಕ ಯೋಜನೆ

ಬೆಳೆಯುತ್ತಿರುವ ಉಪನಗರದ ಆಡಳಿತದವರು ನಮ್ಮಂಥ ಯೋಜಕರನ್ನು ಕರೆಸಿದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. 'ದೊಡ್ಡ ಕಂಪನಿಯೊಂದನ್ನು ಇಲ್ಲಿಗೆ ತರುವುದು ಹೇಗೆ?' ಅದಕ್ಕೆ ಉತ್ತರ ಕೊಡುವ ಮೊದಲು ನಾನು ಎರಡು ಅಂಕಿ ಕೇಳುತ್ತೇನೆ. ಈ ಊರಿನ ನಿವಾಸಿಗಳಲ್ಲಿ ದುಡಿಯುವವರು ಎಷ್ಟು ಮಂದಿ? ಊರಿನ ಗಡಿಯೊಳಗೆ ಇರುವ ಕೆಲಸಗಳು ಎಷ್ಟು? ಎರಡನೆಯದು ಸಾಮಾನ್ಯವಾಗಿ ಯಾರ ಹತ್ತಿರವೂ ಇರುವುದಿಲ್ಲ. ಎಷ್ಟು ಮನೆಗೆ ಅನುಮತಿ ಕೊಟ್ಟಿದ್ದೇವೆ ಅನ್ನೋದು ಮಾತ್ರ ಎಲ್ಲರಿಗೂ ಬಾಯಿಪಾಠ.

ಉಪನಗರ ಬೆಳೆಯುವ ರೀತಿಯೇ ಹಾಗೆ. ದೊಡ್ಡ ನಗರದ ಪಕ್ಕದಲ್ಲಿ ಕಡಿಮೆ ಬೆಲೆಗೆ ಜಾಗ ಸಿಗುತ್ತದೆ, ಮನೆಗಳು ಏಳುತ್ತವೆ. ಮನೆಗಳ ಹಿಂದೆಯೇ ಅಂಗಡಿಗಳು ಬರುತ್ತವೆ. ಕೆಲಸಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಜನ ಬೆಳಿಗ್ಗೆ ಹೊರಗೆ ಹೋಗಿ, ಹಗಲಿನ ಖರ್ಚನ್ನೂ ಅಲ್ಲೇ ಮುಗಿಸಿ, ರಾತ್ರಿ ಮಲಗಲು ವಾಪಸ್ ಬರುತ್ತಾರೆ. ರಸ್ತೆ, ನೀರು, ಶಾಲೆ, ಕಸ ಇವುಗಳ ಖರ್ಚು ಮಾತ್ರ ಪೂರ್ತಿ ಈ ಊರಿನ ತಲೆ ಮೇಲೆ.

ಅಮೆರಿಕನ್ ಫಾರ್ಮ್‌ಲ್ಯಾಂಡ್ ಟ್ರಸ್ಟ್ ಎಂಬ ಸಂಸ್ಥೆ ಇಂಥ ಲೆಕ್ಕದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದೆ. ವಸತಿ ಪ್ರದೇಶದಿಂದ ಬರುವ ಪ್ರತಿ 1 ಡಾಲರ್ ತೆರಿಗೆಗೆ ಅಲ್ಲಿನ ಸೇವೆಗಳಿಗೆ ಸುಮಾರು 1.16 ಡಾಲರ್ ಖರ್ಚಾಗುತ್ತದೆ. ವಾಣಿಜ್ಯ ಮತ್ತು ಕೈಗಾರಿಕೆಗೆ ಆಗುವ ಖರ್ಚು ಸುಮಾರು 30 ಸೆಂಟ್ ಅಷ್ಟೇ. ಇದನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕು. ಆ ಸಂಸ್ಥೆಯ ಉದ್ದೇಶವೇ ಕೃಷಿಭೂಮಿ ಉಳಿಸುವುದು. ಜೊತೆಗೆ, ಮನೆಗಳೇ ಇಲ್ಲದಿದ್ದರೆ ಕಾರ್ಖಾನೆಗೆ ಕೆಲಸಗಾರರು ಎಲ್ಲಿಂದ ಬರಬೇಕು? ಆದರೂ ಒಂದು ವಿಷಯ ನಿಜ: ಮನೆ ಜಾಸ್ತಿಯಾದ ಮಾತ್ರಕ್ಕೆ ಖಜಾನೆ ತುಂಬುವುದಿಲ್ಲ.

ಇದು ಅರ್ಥವಾದ ಕೂಡಲೇ ಆಡಳಿತದವರು ಓಡುವುದು ಮಾಲ್ ಕಡೆಗೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕಣ್ಣಾರೆ ನೋಡಬಹುದು. 1978ರಲ್ಲಿ ಅಲ್ಲಿ 'ಪ್ರೊಪೊಸಿಷನ್ 13' ಎಂಬ, ಜನಮತದಿಂದ ಆದ ಕಾನೂನು ಬಂದು ಆಸ್ತಿ ತೆರಿಗೆಗೆ ಮಿತಿ ಹಾಕಿತು. ಆದರೆ ಮಾರಾಟ ತೆರಿಗೆಯ ಒಂದು ಪಾಲು ಮಾರಾಟ ನಡೆದ ಊರಿಗೇ ಸಿಗುತ್ತಿತ್ತು. ಆಮೇಲೆ ಶುರುವಾಯಿತು ನೋಡಿ ಪೈಪೋಟಿ. ಕಾರ್ ಶೋರೂಮ್‌ಗಳಿಗೆ, ದೊಡ್ಡ ಡಬ್ಬದಂಥ ಅಂಗಡಿಗಳಿಗೆ ಉಪನಗರಗಳು ಒಂದರ ಮೇಲೊಂದು ರಿಯಾಯಿತಿ ಕೊಟ್ಟವು. ಆದರೆ ಹೊಸ ಅಂಗಡಿ ಬಂತು ಅಂತ ಜನರ ಜೇಬಿನಲ್ಲಿ ಹೊಸ ದುಡ್ಡು ಹುಟ್ಟುವುದಿಲ್ಲ ಅಲ್ವಾ? ಪಕ್ಕದ ಊರಿನಲ್ಲಿ ಆಗುತ್ತಿದ್ದ ವ್ಯಾಪಾರ ಈ ಕಡೆ ಬಂತು, ಅಷ್ಟೇ.

ಊರಿಗೆ ಹೊರಗಿನ ದುಡ್ಡು ತರುವ ಕೆಲಸಗಳೇ ಬೇರೆ. ಇಲ್ಲಿ ತಯಾರಾಗಿ ಹೊರಗೆ ಮಾರಾಟವಾಗುವ ಸರಕು, ಇಲ್ಲಿ ಕೂತು ಹೊರಗಿನವರಿಗೆ ಕೊಡುವ ಸೇವೆ. ಇವು ಎಲ್ಲಿವೆ ಅಂತ ಹುಡುಕಲು ಸುಲಭದ ಲೆಕ್ಕವೊಂದಿದೆ. ನಾವು 'ಲೊಕೇಶನ್ ಕೋಶೆಂಟ್' ಅನ್ನುತ್ತೇವೆ. ಊರಿನಲ್ಲಿ 20,000 ಕೆಲಸಗಳಿವೆ, ಅದರಲ್ಲಿ 1,200 ಯಂತ್ರದ ಬಿಡಿಭಾಗ ತಯಾರಿಸುವ ಘಟಕಗಳಲ್ಲಿವೆ ಅಂದುಕೊಳ್ಳಿ. ಅಂದರೆ ಶೇ 6. ಇಡೀ ದೇಶದ ಕೆಲಸಗಳಲ್ಲಿ ಆ ಕ್ಷೇತ್ರದ ಪಾಲು ಶೇ 3 ಆದರೆ, 6ನ್ನು 3ರಿಂದ ಭಾಗಿಸಿ. ಉತ್ತರ 2. ಒಂದಕ್ಕಿಂತ ಜಾಸ್ತಿ ಬಂತು ಅಂದರೆ ಊರಿನ ಸ್ವಂತ ಬಳಕೆಗೆ ಬೇಕಾದ್ದಕ್ಕಿಂತ ಹೆಚ್ಚು ಇಲ್ಲಿ ತಯಾರಾಗುತ್ತಿದೆ, ಉಳಿದದ್ದು ಹೊರಗೆ ಹೋಗುತ್ತಿದೆ ಅಂತ ಅಂದಾಜು ಮಾಡಬಹುದು.

ಆದರೆ ಈ 2 ಅನ್ನೋ ಅಂಕಿ ಅರ್ಧ ಸತ್ಯ. ಆ 1,200 ಕೆಲಸ ಮೂವತ್ತು ಸಣ್ಣ ಘಟಕಗಳಲ್ಲಿ ಹಂಚಿಹೋಗಿದೆಯೋ, ಒಂದೇ ಕಾರ್ಖಾನೆಯಲ್ಲಿದೆಯೋ? ಮೊದಲನೆಯದಾದರೆ ಊರಿಗೆ ಒಂದು ಕಸುಬು ಇದೆ. ಎರಡನೆಯದಾದರೆ ಊರು ಒಬ್ಬ ಮಾಲೀಕನ ಕೈಯಲ್ಲಿದೆ. ವರದಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಒಬ್ಬ ಮಾಲೀಕನ ಕೈಯಲ್ಲಿದ್ದರೆ ಏನಾಗುತ್ತದೆ ಅಂತ ಅಮೆರಿಕದ ಡೆನ್ವರ್ ನಗರದ ಪಕ್ಕದ ಉಪನಗರ ಲಿಟಲ್‌ಟನ್‌ಗೆ ಚೆನ್ನಾಗಿ ಗೊತ್ತು. 1980ರ ದಶಕದ ಕೊನೆಗೆ ಅಲ್ಲಿನ ದೊಡ್ಡ ಉದ್ಯೋಗದಾತ, ಮಾರ್ಟಿನ್ ಮರಿಯೆಟ್ಟಾ ಎಂಬ ರಾಕೆಟ್ ತಯಾರಿಕಾ ಕಂಪನಿ, ಸಾವಿರಾರು ಮಂದಿಯನ್ನು ಕೆಲಸದಿಂದ ತೆಗೆಯಿತು. ಆಗ ಆ ಊರು ಇನ್ನೊಂದು ದೊಡ್ಡ ಕಂಪನಿಯ ಹಿಂದೆ ಬೀಳಲಿಲ್ಲ. 1989ರಲ್ಲಿ ಕ್ರಿಸ್ ಗಿಬ್ಬನ್ಸ್ ಎಂಬ ಅಧಿಕಾರಿಯ ನೇತೃತ್ವದಲ್ಲಿ 'ಎಕನಾಮಿಕ್ ಗಾರ್ಡನಿಂಗ್' ಶುರುವಾಯಿತು. ಹೊರಗಿನಿಂದ ಗಿಡ ಕಿತ್ತು ತರುವ ಬದಲು ಇಲ್ಲಿರುವ ಗಿಡಕ್ಕೆ ನೀರು ಹಾಕುವ ಯೋಚನೆ. ಊರಿನ ಸಣ್ಣ ಕಂಪನಿಗಳಿಗೆ ನಗರಸಭೆಯೇ ಮಾರುಕಟ್ಟೆ ಸಂಶೋಧನೆ ಮಾಡಿಕೊಟ್ಟಿತು. ದುಬಾರಿ ಡೇಟಾಬೇಸ್‌ಗಳು, ಗ್ರಾಹಕರು ಎಲ್ಲಿದ್ದಾರೆ ಅಂತ ತೋರಿಸುವ ನಕ್ಷೆಗಳು, ಸ್ಪರ್ಧಿಗಳ ಮಾಹಿತಿ. ದೊಡ್ಡ ಕಂಪನಿಗಳು ದುಡ್ಡು ಕೊಟ್ಟು ಪಡೆಯುವ ಇಂಥ ಮಾಹಿತಿ ಹತ್ತು ಜನರ ಕಂಪನಿಗೆ ಎಟುಕುವುದಿಲ್ಲ. ಸಬ್ಸಿಡಿಯನ್ನು ನೆಚ್ಚಿಕೊಳ್ಳದೆ ನಡೆಸಿದ ಕೆಲಸ ಇದು. ಮುಂದಿನ ಒಂದೂವರೆ ದಶಕದಲ್ಲಿ ಊರಿನ ಕೆಲಸಗಳ ಸಂಖ್ಯೆ ಸುಮಾರು 15,000ದಿಂದ ಹೆಚ್ಚುಕಮ್ಮಿ ದುಪ್ಪಟ್ಟಾಯಿತು. ಪೂರ್ತಿ ಶ್ರೇಯ ಈ ಯೋಜನೆಗೇ ಕೊಡಲು ನಾನು ತಯಾರಿಲ್ಲ. ಆ ಹೊತ್ತಿನಲ್ಲಿ ಇಡೀ ಡೆನ್ವರ್ ಪ್ರದೇಶವೇ ಬೆಳೆಯುತ್ತಿತ್ತು. ಆದರೆ ಇಷ್ಟು ಕಡಿಮೆ ದುಡ್ಡು ಪಣಕ್ಕಿಟ್ಟು ಇಷ್ಟು ಸಿಕ್ಕ ಉದಾಹರಣೆಗಳು ಕಡಿಮೆಯೇ.

ಇದೇ ಕೆಲಸದ ಸರಳ ರೂಪ, ಇರುವ ಉದ್ಯಮಗಳಿಗೆ ಹೋಗಿ ಮಾತಾಡಿಸುವುದು. ಸುಮ್ನೆ ಕುಶಲ ವಿಚಾರಿಸುವ ಭೇಟಿ ಅಲ್ಲ. ಕೇಳಬೇಕಾದ ಪ್ರಶ್ನೆಗಳಿವೆ. ಅವುಗಳಲ್ಲಿ ನನ್ನ ಪ್ರಕಾರ ಅತಿ ಬೆಲೆಬಾಳುವುದು: 'ನಿಮ್ಮ ಲೀಸ್ ಯಾವಾಗ ಮುಗಿಯುತ್ತೆ?' ಬಾಡಿಗೆ ಒಪ್ಪಂದ ಮುಗಿಯುವ ಒಂದೂವರೆ, ಎರಡು ವರ್ಷ ಮೊದಲೇ ಮಾಲೀಕರು ಬೇರೆ ಕಡೆ ನೋಡಲು ಶುರುಮಾಡುತ್ತಾರೆ. ಹೋಗುತ್ತೇವೆ ಅಂತ ಪ್ರಕಟಿಸುವ ಹೊತ್ತಿಗೆ ಹೊಸ ಜಾಗಕ್ಕೆ ಸಹಿ ಬಿದ್ದಿರುತ್ತದೆ. ಊರಿನ ಇನ್ನೂರು ಮುಖ್ಯ ಉದ್ಯಮಗಳ ಲೀಸ್ ದಿನಾಂಕ ಒಂದು ಹಾಳೆಯಲ್ಲಿದ್ದರೆ, ಈ ವರ್ಷ ಯಾರ ಬಾಗಿಲು ಮೊದಲು ತಟ್ಟಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಎರಡನೇ ಪ್ರಶ್ನೆ, ಈ ಜಾಗ ಇನ್ನು ಎಷ್ಟು ವರ್ಷ ಸಾಲುತ್ತದೆ ಅನ್ನೋದು.

ಬೆಳೆಯುವ ಉಪನಗರಗಳು ಎಡವುವುದು ಇಲ್ಲೇ. ಇನ್ನೂರು ಚದರ ಮೀಟರಿನ ಶೆಡ್‌ನಲ್ಲಿ ಶುರುವಾದ ಘಟಕಕ್ಕೆ ಕೆಲವು ವರ್ಷಗಳಲ್ಲಿ ಆರುನೂರು ಚದರ ಮೀಟರ್ ಬೇಕಾಗುತ್ತದೆ. ಊರಲ್ಲಿ ಸಣ್ಣ ಶೆಡ್‌ಗಳಿವೆ, ಹೆದ್ದಾರಿ ಪಕ್ಕ ದೈತ್ಯ ಗೋದಾಮುಗಳಿವೆ. ನಡುವಿನದ್ದು ಇಲ್ಲ. ಇದ್ದ ಹಳೇ ಕೈಗಾರಿಕಾ ಜಾಗವನ್ನು ಅಪಾರ್ಟ್‌ಮೆಂಟ್ ಕಟ್ಟಲು ಬದಲಾಯಿಸಿಕೊಟ್ಟಿರುತ್ತಾರೆ. ಮನೆ ಕಟ್ಟುವವರು ಆ ಜಾಗಕ್ಕೆ ಕೊಡುವ ಬೆಲೆಯನ್ನು ಯಂತ್ರದ ಘಟಕ ಎಂದೂ ಕೊಡಲಾರದು. ಹಾಗಾಗಿ ಜಾಗದ ಬಳಕೆ ಬದಲಿಸಿಕೊಡಿ ಎಂಬ ಪ್ರತಿ ಅರ್ಜಿಯೂ ಬಿಡಿಬಿಡಿಯಾಗಿ ನೋಡಿದಾಗ ಸರಿಯಾಗಿಯೇ ಕಾಣುತ್ತದೆ. ಹತ್ತು ವರ್ಷದ ಅರ್ಜಿಗಳನ್ನು ಒಂದು ನಕ್ಷೆಯ ಮೇಲಿಟ್ಟು ನೋಡಿ, ದುಡಿಯುವ ಜಾಗವೇ ಉಳಿದಿರುವುದಿಲ್ಲ. ಬೆಳೆದ ಉದ್ಯಮ ಪಕ್ಕದ ಊರಿಗೆ ಹೋಗುತ್ತದೆ. ಉದ್ಯಮಕ್ಕೆ ಮೀಸಲಿಟ್ಟ ಜಾಗ ಬದಲಾಯಿಸುವಾಗ, ಅಷ್ಟೇ ಕೆಲಸ ಕೊಡುವ ಜಾಗ ಬೇರೆಲ್ಲಿ ಅಂತ ಮೊದಲು ತೋರಿಸಬೇಕು ಎಂಬ ನಿಯಮ ಇರಬೇಕು ಅನ್ನೋದು ನನ್ನ ಹಟ. ಬಿಲ್ಡರ್‌ಗಳಿಗೆ ಇದು ಹಿಡಿಸುವುದಿಲ್ಲ, ಗೊತ್ತು.

ಜಾಗದ ಲೆಕ್ಕವನ್ನು ಎಕರೆಗೆ ಇಷ್ಟು ಅಂತಲೇ ಹಾಕಬೇಕು. ನಾರ್ತ್ ಕ್ಯಾರೊಲೈನಾದ ಆಶ್‌ವಿಲ್ ಊರಿನಲ್ಲಿ ಜೋಸೆಫ್ ಮಿನಿಕೋಝಿ ಎಂಬ ಯೋಜಕ ಹೀಗೆ ಹೋಲಿಸಿ ನೋಡಿದರು. ಊರ ಹೊರಗಿನ ವಾಲ್‌ಮಾರ್ಟ್ ಎಕರೆಗೆ ಸುಮಾರು 6,500 ಡಾಲರ್ ಆಸ್ತಿ ತೆರಿಗೆ ಕೊಡುತ್ತಿತ್ತು. ಪೇಟೆಯ ನಡುವೆ ಕೆಳಗೆ ಅಂಗಡಿ, ಮೇಲೆ ಕಚೇರಿ ಮತ್ತು ಮನೆಗಳಿದ್ದ ಹಳೇ ಕಟ್ಟಡದ ಲೆಕ್ಕ ಎಕರೆಗೆ ಸುಮಾರು 6,34,000 ಡಾಲರ್. ಆ ಪುಟ್ಟ ಕಟ್ಟಡ ನಿಂತಿರುವುದು ಎಕರೆಯ ಐದನೇ ಒಂದು ಭಾಗದಲ್ಲಿ. ಒಟ್ಟು ತೆರಿಗೆ ನೋಡಿದರೆ ದೊಡ್ಡ ಅಂಗಡಿಯೇ ಮೇಲು ಅನಿಸುತ್ತದೆ. ಆದರೆ ಅದು ನುಂಗಿದ ಜಾಗ ಎಷ್ಟು? ಉಪನಗರದಲ್ಲಿ ಮುಗಿದುಹೋಗುವ ವಸ್ತು ಅಂದರೆ ಜಾಗವೇ.

ಇನ್ನು ರಿಯಾಯಿತಿ, ಸಬ್ಸಿಡಿ. ಇದನ್ನು ಬೇಗ ಮುಗಿಸುತ್ತೇನೆ. ಟಿಮೊತಿ ಬಾರ್ಟಿಕ್ ಎಂಬ ಅರ್ಥಶಾಸ್ತ್ರಜ್ಞ 2018ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಕಂಪನಿಯ ನಿರ್ಧಾರವನ್ನು ಸಬ್ಸಿಡಿ ನಿಜವಾಗಿ ಬದಲಿಸಿದ್ದು ನೂರಕ್ಕೆ 2ರಿಂದ 25 ಸಲ ಮಾತ್ರ. ಉಳಿದವರು ಹೇಗೂ ಬರುತ್ತಿದ್ದರು. ವಿಸ್ಕಾನ್ಸಿನ್‌ನ ಮೌಂಟ್ ಪ್ಲೆಸೆಂಟ್‌ಗೆ 2017ರಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಸುವ ತೈವಾನ್ ಕಂಪನಿ ಫಾಕ್ಸ್‌ಕಾನ್ 1,000 ಕೋಟಿ ಡಾಲರ್ ಹೂಡಿಕೆ, 13,000 ಕೆಲಸದ ಮಾತು ಕೊಟ್ಟಿತ್ತು. ರಾಜ್ಯ ಸುಮಾರು 300 ಕೋಟಿ ಡಾಲರ್ ರಿಯಾಯಿತಿಗೆ ಒಪ್ಪಿತ್ತು. 2021ರಲ್ಲಿ ಒಪ್ಪಂದ ತಿದ್ದಿದಾಗ ಕಂಪನಿಯ ಮಾತು 67.2 ಕೋಟಿ ಡಾಲರ್ ಹೂಡಿಕೆ ಮತ್ತು 1,454 ಕೆಲಸಕ್ಕೆ ಇಳಿಯಿತು. ಕೆಲಸ ಕೊಟ್ಟರೆ ಮಾತ್ರ ರಾಜ್ಯದ ದುಡ್ಡು ಅನ್ನೋ ಷರತ್ತು ಇದ್ದದ್ದರಿಂದ ರಾಜ್ಯ ಬಹುಪಾಲು ಬಚಾವಾಯಿತು. ಸ್ಥಳೀಯ ಆಡಳಿತ ಮಾತ್ರ ಅಷ್ಟರಲ್ಲಿ ಸಾಲ ಮಾಡಿ ಜಾಗ ಕೊಂಡು, ರಸ್ತೆ, ನೀರಿನ ಕೊಳವೆ ಎಲ್ಲ ಹಾಕಿಯಾಗಿತ್ತು. ಕೊಡಲೇಬೇಕು ಅಂತಿದ್ದರೆ ಕೆಲಸ ಬಂದ ಮೇಲೆ ಕೊಡಿ, ಬರದಿದ್ದರೆ ವಾಪಸ್ ವಸೂಲಿ ಮಾಡುವ ಷರತ್ತು ಬರೆದಿಡಿ.

ಒಂದು ಊರು ಒಂಟಿಯಾಗಿ ಎಷ್ಟೇ ಚೆನ್ನಾಗಿ ಯೋಜಿಸಿದರೂ ಪಕ್ಕದ ಊರು ಸಬ್ಸಿಡಿ ಹಿಡಿದು ನಿಂತರೆ ಕಷ್ಟವೇ. ಅಮೆರಿಕದ ಮಿನ್ನೆಸೋಟಾ ರಾಜ್ಯ ಇದಕ್ಕೆ 1971ರಲ್ಲೇ ಕಾನೂನು ಮಾಡಿತು. ಮಿನಿಯಾಪೊಲಿಸ್–ಸೇಂಟ್ ಪಾಲ್ ಸುತ್ತಲಿನ ಊರುಗಳು ವಾಣಿಜ್ಯ, ಕೈಗಾರಿಕಾ ತೆರಿಗೆ ಆಧಾರದ (ತೆರಿಗೆ ಹಾಕಬಹುದಾದ ಆಸ್ತಿಯ ಮೌಲ್ಯದ) ಬೆಳವಣಿಗೆಯಲ್ಲಿ ಶೇ 40ನ್ನು ಒಂದೇ ಗಂಟಿಗೆ ಹಾಕಿ ಹಂಚಿಕೊಳ್ಳುತ್ತವೆ. ಮಾಲ್ ಯಾವ ಊರಿಗೆ ಬಂದರೂ ಎಲ್ಲರಿಗೂ ಸ್ವಲ್ಪ ಸಿಗುತ್ತದೆ. ಇಂಥ ಕಾನೂನು ರಾಜ್ಯದ ಮಟ್ಟದಲ್ಲಿ ಆಗಬೇಕು, ನಗರಸಭೆಯ ಕೈಯಲ್ಲಿಲ್ಲ. ಡೆನ್ವರ್ ಸುತ್ತಲಿನ ಊರುಗಳ ದಾರಿ ಇದಕ್ಕಿಂತ ಹಗುರ. ಅವು ತಮ್ಮೊಳಗೇ ಒಂದು ನೀತಿ ಸಂಹಿತೆ ಮಾಡಿಕೊಂಡಿವೆ. ಪಕ್ಕದ ಊರಿನ ಕಂಪನಿ 'ನಿಮ್ಮಲ್ಲಿ ಜಾಗ ಇದೆಯಾ' ಅಂತ ಕೇಳಿಕೊಂಡು ಬಂದರೆ, ಆ ಊರಿನವರಿಗೆ ಮೊದಲು ತಿಳಿಸಬೇಕು. ಇದಕ್ಕೆ ಬಜೆಟ್ ಬೇಕಿಲ್ಲ. ಲೀಸ್ ದಿನಾಂಕಗಳ ಹಾಳೆ ಇಟ್ಟುಕೊಂಡ ಅಧಿಕಾರಿಗೆ ಪಕ್ಕದ ಊರಿನಿಂದ ಒಂದು ಫೋನ್ ಬಂದರೆ, ಕಂಪನಿ ಯಾಕೆ ಹೊರಟಿದೆ ಅಂತ ವಿಚಾರಿಸಲು ಇನ್ನೂ ಸಮಯ ಇರುತ್ತದೆ.