ಹೊಟ್ಟಿನಿಂದ ಕರೆಂಟು: ಮೊದಲು ಉಗಿಯ ಲೆಕ್ಕ

‘ದಿನಕ್ಕೆ ಐದು ಟನ್ ಹೊಟ್ಟು ಬೀಳುತ್ತೆ, ಇದರಲ್ಲಿ ಎಷ್ಟು ಕರೆಂಟು ತೆಗೀಬಹುದು?’ ಸಾಗರ, ತೀರ್ಥಹಳ್ಳಿ ಕಡೆಯ ಸಾಮಿಲ್‌ನವರ ಮೊದಲ ಪ್ರಶ್ನೆ ಇದು. ತಿರುಗಿ ಕೇಳಬೇಕಾದ್ದು ಒಂದೇ: ನಿಮ್ಮಲ್ಲಿ ಗಂಟೆಗೆ ಎಷ್ಟು ಉಗಿ ಖರ್ಚಾಗುತ್ತದೆ? ಅದಕ್ಕೆ ಉತ್ತರವಿಲ್ಲದೆ ಟರ್ಬೈನಿಗೆ ಕೊಟೇಶನ್ ತರಿಸುವುದು ದಂಡ. ಸಣ್ಣ ಘಟಕದಲ್ಲಿ ಬರೀ ಕರೆಂಟಿಗೆಂದು ಉರಿಸಿದರೆ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಸಿಕ್ಕರೇ ಹೆಚ್ಚು, ಉಳಿದದ್ದು ಚಿಮಣಿಗೂ ಕೂಲಿಂಗ್ ಟವರಿಗೂ ಹೋಗುತ್ತದೆ. ಟರ್ಬೈನಿನಿಂದ ಹೊರಬಂದ ಉಗಿಗೆ ಕೆಲಸ ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ.

ಮರ ಒಣಗಿಸುವ ಮೂರು ಕೋಣೆಗಳಿರುವ ಮಿಲ್ ಒಂದನ್ನು ತೆಗೆದುಕೊಳ್ಳಿ. ಕೋಣೆಗೆ 25 ಘನ ಮೀಟರಿನಂತೆ ಒಟ್ಟು 75 ಘನ ಮೀಟರ್ ಸಿಲ್ವರ್ ಓಕ್ ಹಲಗೆ. ಘನ ಮೀಟರಿಗೆ ಒಣ ತೂಕ 500 ಕೆ.ಜಿ. ಎಂದಿಟ್ಟುಕೊಂಡರೆ, ತೇವ 60ರಿಂದ 12 ಪರ್ಸೆಂಟಿಗೆ ಇಳಿಯಲು 18 ಟನ್ ನೀರು ಹೋಗಬೇಕು. ಎಂಟು ದಿನಕ್ಕೆ ಹಂಚಿದರೆ ಗಂಟೆಗೆ 94 ಕೆ.ಜಿ. ಸೋರಿಕೆ ಸೇರಿಸಿ ಕೆ.ಜಿ. ನೀರಿಗೆ 1,200 ಕಿಲೋ ಕ್ಯಾಲರಿ ಹಿಡಿದರೂ ಗಂಟೆಗೆ ಬೇಕಾದ ಉಗಿ 220 ಕೆ.ಜಿ. ಅದರಿಂದ ಸಿಗುವ ಕರೆಂಟು ಗಂಟೆಗೆ ಹೆಚ್ಚೆಂದರೆ ಎಂಟೊಂಬತ್ತು ಯೂನಿಟ್. ಇಷ್ಟಕ್ಕೆ ಟರ್ಬೈನ್ ಯಾಕೆ? ಈ ಗಾತ್ರದವರು 90 ಡಿಗ್ರಿ ಬಿಸಿನೀರಿನ ಬಾಯ್ಲರ್ ಹಾಕಿಸಿ ಸುಮ್ಮನಾಗುವುದು ಒಳ್ಳೆಯದು. ಒಣಗಿಸುವ ಕೋಣೆಗೆ 50–70 ಡಿಗ್ರಿ ಸಾಕು.

ವಿನೀರ್ (ದಿಮ್ಮಿಯಿಂದ ಸುಲಿದ ತೆಳು ಹಾಳೆ), ಪ್ಲೈವುಡ್ ಮಾಡುವವರ ವಿಷಯ ಬೇರೆ. ಗಂಟೆಗೆ ಮೂರು ಟನ್ ಉಗಿ ಎಡೆಬಿಡದೆ ಬೇಕಿದ್ದರೆ ಬ್ಯಾಕ್ ಪ್ರೆಷರ್ ಟರ್ಬೈನ್, ಅಂದರೆ ಉಗಿಯನ್ನು ಇನ್ನೂ ಒತ್ತಡ ಇರುವಾಗಲೇ ಬೇರೆ ಕೆಲಸಕ್ಕೆ ಹೊರಬಿಡುವ ಟರ್ಬೈನ್, ಯೋಚಿಸಬಹುದು. ಉಗಿಯನ್ನು ಸುಮಾರು 20 ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡ, 300 ಡಿಗ್ರಿಯಲ್ಲಿ ಒಳಬಿಟ್ಟು 4 ಕೆ.ಜಿ.ಯಲ್ಲಿ ಹೊರತೆಗೆದರೆ ಸಣ್ಣ ಸಿಂಗಲ್ ಸ್ಟೇಜ್ ಟರ್ಬೈನಿನಲ್ಲಿ ಟನ್ನಿಗೆ 35–40 ಯೂನಿಟ್ ಬರುತ್ತದೆ. ಮೂರು ಟನ್ನಿಗೆ 110 ಕಿಲೋವ್ಯಾಟಿನ ಸುತ್ತಮುತ್ತ. ಹೇಗಿದ್ದರೂ ಉಗಿಗಾಗಿ ಉರಿಸುತ್ತಿದ್ದ ಬೆಂಕಿಗೆ ಹೆಚ್ಚುವರಿಯಾಗಿ ಬೇಕಾಗುವ ಒಣ ಕಟ್ಟಿಗೆ ಯೂನಿಟ್ಟಿಗೆ ಅರ್ಧ ಕೆ.ಜಿ.ಯೊಳಗೆ. ಅದೇ ಯೂನಿಟ್ಟಿಗೆ ಗ್ಯಾಸಿಫೈಯರ್ (ಕಟ್ಟಿಗೆಯನ್ನು ಅರೆಬರೆ ಉರಿಸಿ ಉರಿಯುವ ಅನಿಲ ಮಾಡುವ ಒಲೆ) ಮತ್ತು ಗ್ಯಾಸ್ ಎಂಜಿನ್ ಜೋಡಿ ಒಂದು ಕೆ.ಜಿ.ಗೂ ಹೆಚ್ಚು ತಿನ್ನುತ್ತದೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲೇ ಗ್ಯಾಸಿಫೈಯರ್ ನಡೆಸಿ ತೋರಿಸಿದ್ದಾರೆ ನಿಜ, ಆದರೆ ಅದಕ್ಕೆ ತುಂಡರಿಸಿ ಒಣಗಿಸಿದ ಕಟ್ಟಿಗೆ ಬೇಕು. ಹೊಟ್ಟನ್ನು ಹಾಗೇ ಸುರಿದರೆ ಒಳಗೆ ಕಮಾನು ಕಟ್ಟಿಕೊಂಡು ಗಾಳಿ ಆಡುವುದಿಲ್ಲ, ತೇವ 20 ದಾಟಿದರೆ ಡಾಂಬರು ಎಂಜಿನ್ನಿಗೆ ಇಳಿಯುತ್ತದೆ.

ಇಲ್ಲಿ ಒಂದು ಎಡವಟ್ಟು ಸಾಮಾನ್ಯ. ನಾಲ್ಕು ಕೆ.ಜಿ. ಉಗಿಯ ಬಿಸಿ 150 ಡಿಗ್ರಿ ಚಿಲ್ಲರೆ. ಹಾಳೆಗಳನ್ನು ಫಿನಾಲ್ ಅಂಟಿನಿಂದ ಒತ್ತಿ ಕೂಡಿಸುವ ಹಾಟ್ ಪ್ರೆಸ್‌ಗೆ 140–145 ಬೇಕು. ಪೈಪು, ಪ್ಲೇಟಿನಲ್ಲಿ ಕಳೆದದ್ದು ಹೋಗಿ ಉಳಿಯುವ ಅಂತರ ಏನೂ ಸಾಲದು. ಅಂಟು ಬೇಯದೆ ಹಾಳೆ ಬಿಟ್ಟುಕೊಳ್ಳುತ್ತದೆ. ಪ್ರೆಸ್ಸಿಗೂ ಬಿಸಿ ಬೇಡುವ ವಿನೀರ್ ಡ್ರೈಯರಿಗೂ ಒತ್ತಡ ಇಳಿಸುವ ವಾಲ್ವ್ ಮೂಲಕ ನೇರ ಉಗಿ ಕೊಡಿ, ಟರ್ಬೈನಿನ ಉಗಿಯನ್ನು ದಿಮ್ಮಿ ಬೇಯಿಸುವ ತೊಟ್ಟಿಗೂ ಒಣಗಿಸುವ ಕೋಣೆಗೂ ಬಿಡಿ. ಟರ್ಬೈನಿನ ಮೂಲಕ ಹೋಗುವ ಉಗಿಯನ್ನಷ್ಟೇ ಕರೆಂಟಿನ ಲೆಕ್ಕಕ್ಕೆ ಹಿಡಿಯಬೇಕು. ಉಗಿಯ ಬದಲು ಎಣ್ಣೆ ಕಾಯಿಸಿ ಹರಿಸುವ ಥರ್ಮಿಕ್ ಫ್ಲೂಯಿಡ್ ಹೀಟರ್ ಇಟ್ಟುಕೊಂಡವರಲ್ಲಿ ಉಗಿಯೇ ಇಲ್ಲ, ಅವರಿಗೆ ಈ ಮಾತು ಅನ್ವಯಿಸದು.

ಇನ್ನು ಇಂಧನ. ಪುನರ್ವಸು ಮಳೆ ಹಿಡಿದ ವಾರ ಬಯಲಲ್ಲಿ ಬಿದ್ದ ಹೊಟ್ಟನ್ನು ಹಿಂಡಿದರೆ ಬೆರಳ ಸಂದಿಯಲ್ಲಿ ನೀರಿಳಿಯುತ್ತದೆ. 20 ಪರ್ಸೆಂಟ್ ತೇವದ ಕಟ್ಟಿಗೆಯಲ್ಲಿ ಕೆ.ಜಿ.ಗೆ ಸುಮಾರು 3,400 ಕಿಲೋ ಕ್ಯಾಲರಿ ಇದ್ದರೆ, 50 ಪರ್ಸೆಂಟ್ ಇದ್ದಾಗ 1,900 ಮಾತ್ರ. ಮೊದಲನೆಯದರಲ್ಲಿ ಒಂದು ಟನ್ ಉಗಿಗೆ 250 ಕೆ.ಜಿ. ಸಾಕು, ಎರಡನೆಯದರಲ್ಲಿ 450 ಬೇಕು. ಒಲೆಗೆ ಹೊಟ್ಟು ತಳ್ಳುವ ಫೀಡರ್ ಸ್ಕ್ರೂ ಒಣ ಹೊಟ್ಟಿನ ಲೆಕ್ಕದಲ್ಲಿ ಮಾಡಿಸಿದ್ದಾದರೆ ಆಷಾಢದಲ್ಲಿ ಬಾಯ್ಲರ್ ಒತ್ತಡ ಹಿಡಿಯುವುದಿಲ್ಲ. ಇದರ ಜೊತೆಗೆ ಒಂದು ಭಾಷೆಯ ತೊಡಕು: ಮರ ಒಣಗಿಸುವವರು ತೇವವನ್ನು ಒಣ ತೂಕದ ಮೇಲೆ ಹೇಳುತ್ತಾರೆ, ಬಾಯ್ಲರ್‌ನವರು ಹಸಿ ತೂಕದ ಮೇಲೆ. ಮೊದಲಿನವರ ನೂರು ಇವರಿಗೆ ಐವತ್ತು. ಆರ್ಡರ್ ಹಾಕುವಾಗ ಯಾವ ಲೆಕ್ಕ ಎಂದು ಬರೆಸಿಕೊಳ್ಳದೆ ಜಗಳವಾದ ಉದಾಹರಣೆಗಳಿವೆ.

ಹಾಗಾಗಿ ಟರ್ಬೈನಿಗಿಂತ ಮೊದಲು ಶೆಡ್ಡಿಗೆ ದುಡ್ಡು ಹಾಕಿ. ಒಂದು ಟನ್ ಹೊಟ್ಟಿಗೆ ನಾಲ್ಕೈದು ಘನ ಮೀಟರ್ ಜಾಗ ಬೇಕು. ಮಳೆಗಾಲದ ಎರಚಲು ತಡೆಯಲು ಸೂರು ಉದ್ದಕ್ಕೆ ಚಾಚಿರಲಿ, ನೆಲ ಸುತ್ತಲಿನ ಅಂಗಳಕ್ಕಿಂತ ಒಂದಡಿ ಎತ್ತರದಲ್ಲಿರಲಿ. ರಾಶಿ ಮೂರು ಮೀಟರಿಗಿಂತ ಎತ್ತರ ಬೇಡ. ಹಸಿ ಹೊಟ್ಟು ಒಳಗೊಳಗೇ ಕಾವು ಕಟ್ಟಿ ತಾನೇ ಹೊತ್ತಿಕೊಳ್ಳಬಹುದು. ಕಬ್ಬಿಣದ ಸಲಾಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದಾಗ ಕೈಗೆ ಹಿಡಿಯಲಾಗದಷ್ಟು ಸುಟ್ಟರೆ ಆ ರಾಶಿಯನ್ನು ಅಂದೇ ಕೆದರಬೇಕು.

ಅಡಿಕೆ ಸಿಪ್ಪೆ ಪುಕ್ಕಟೆ ಸಿಗುತ್ತದೆಂದು ಒಲೆಗೆ ತುಂಬುವವರಿದ್ದಾರೆ. ಅದರಲ್ಲಿ ಪೊಟ್ಯಾಶ್ ಜಾಸ್ತಿ. ಬೂದಿ ಕರಗಿ ಗ್ರೇಟಿನ ಮೇಲೆ ಕಿಟ್ಟ ಕಟ್ಟುತ್ತದೆ, ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಟ್ಯೂಬಿಗೆ ಗಾಜಿನಂತೆ ಅಂಟುತ್ತದೆ. ಸ್ವಲ್ಪವೇ ಬೆರೆಸಿ, ಟ್ಯೂಬು ನೋಡಿಕೊಂಡು ಹೆಚ್ಚಿಸಿ. ತಾಮ್ರ, ಕ್ರೋಮ್, ಆರ್ಸೆನಿಕ್ ಔಷಧಿ ಕುಡಿಸಿದ ಮರವನ್ನಂತೂ ಒಲೆಯ ಹತ್ತಿರ ತರಬೇಡಿ, ಆ ಬೂದಿ ತೋಟಕ್ಕೂ ಆಗದು.

ಮಲೆನಾಡಿನ ಹಳ್ಳದ ನೀರು ಮೆದು, ಹಾಗಾಗಿ ಟ್ಯೂಬಿನಲ್ಲಿ ಸುಣ್ಣ ಕಟ್ಟುವುದು ಕಡಿಮೆ. ಅಷ್ಟಕ್ಕೇ ನೀರಿನ ಪರೀಕ್ಷೆ ಬಿಟ್ಟುಬಿಡುತ್ತಾರೆ. ಜಂಬಿಟ್ಟಿಗೆ ನೆಲದ ನೀರು ಸ್ವಲ್ಪ ಹುಳಿ, ಕಬ್ಬಿಣದ ಅಂಶವೂ ಇರುತ್ತದೆ. ಕರಗಿದ ಆಮ್ಲಜನಕ ಸೇರಿದರೆ ಟ್ಯೂಬಿನಲ್ಲಿ ಸೂಜಿ ಚುಚ್ಚಿದಂಥ ತೂತು ಬೀಳುತ್ತದೆ. ಬಾಯ್ಲರಿಗೆ ಊಡುವ ಫೀಡ್ ನೀರಿನ ಪಿ.ಎಚ್. (ಹುಳಿ-ಕ್ಷಾರದ ಅಳತೆ) 8.5ರಿಂದ 9.5ರಲ್ಲಿರಲಿ. ಉಗಿ ತಣಿದು ಆದ ಕಂಡೆನ್ಸೇಟ್ ನೀರನ್ನು ಚರಂಡಿಗೆ ಬಿಡದೆ ಟ್ಯಾಂಕಿಗೆ ತನ್ನಿ: ಫೀಡ್ ನೀರು ಆರು ಡಿಗ್ರಿ ಬಿಸಿಯಾದರೆ ಇಂಧನದಲ್ಲಿ ಒಂದು ಪರ್ಸೆಂಟ್ ಉಳಿತಾಯ.

ಕೊನೆಗೆ ಜನರೇಟರ್. ಇಂಡಕ್ಷನ್ ಜನರೇಟರ್ ಅಗ್ಗ, ಸರಳ, ಮೆಸ್ಕಾಂ ಲೈನಿನ ಜೊತೆ ಓಡಿಸಲು ಸಲೀಸು. ಆದರೆ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದ ಗಳಿಗೆ ಅದೂ ಸತ್ತಂತೆ. ಸ್ವಂತ ಕರೆಂಟಿನಲ್ಲಿ ಮಿಲ್ ನಡೆಯಬೇಕೆಂದರೆ ಲೈನಿಲ್ಲದೆಯೂ ಓಡುವ ಸಿಂಕ್ರೋನಸ್ ಜನರೇಟರ್, ವೇಗ ಹಿಡಿತದಲ್ಲಿಡುವ ಗವರ್ನರ್ ಎರಡಕ್ಕೂ ಖರ್ಚು ಮಾಡಬೇಕು. ಯಾವುದೇ ಇರಲಿ, ಲೈನ್ ಹೋದಾಗ ಲೋಡ್ ಒಮ್ಮೆಲೇ ಕಳಚಿ ಟರ್ಬೈನ್ ಎಗರುತ್ತದೆ. ವೇಗ 110 ಪರ್ಸೆಂಟ್ ಮುಟ್ಟುವಷ್ಟರಲ್ಲಿ ಟರ್ಬೈನಿಗೆ ಉಗಿ ಕಡಿಯುವ ಟ್ರಿಪ್ ವಾಲ್ವ್ ಮುಚ್ಚಬೇಕು, ಅದೇ ಕ್ಷಣ ಬೈಪಾಸ್ ವಾಲ್ವ್ ತೆರೆದು ಉಗಿ ಟರ್ಬೈನ್ ಬಿಟ್ಟು ನೇರ ತೊಟ್ಟಿಗೂ ಒಣಗಿಸುವ ಕೋಣೆಗೂ ಹೋಗಬೇಕು. ಇಲ್ಲದಿದ್ದರೆ ಸೇಫ್ಟಿ ವಾಲ್ವ್ ಊದುತ್ತದೆ, ತೊಟ್ಟಿ, ಕೋಣೆ ತಣ್ಣಗಾಗುತ್ತವೆ. ಟ್ರಿಪ್, ಬೈಪಾಸ್ ಎರಡೂ ವಾಲ್ವ್‌ಗಳನ್ನು ಮುಂಗಾರಿಗೆ ಮೊದಲು, ಮೇ ತಿಂಗಳಲ್ಲೇ, ಬಾಯ್ಲರ್ ಅಟೆಂಡೆಂಟ್ ಎದುರಿಗೆ ನಿಂತು ಬೇಕೆಂದೇ ಟ್ರಿಪ್ ಮಾಡಿ ನೋಡಿ.